ಮೊದಲ ಕೇಳ್ಮೆಗೆ ಸಿಗದ ಸಂಗೀತ: ಮೆಟ್ನರ್ ಮತ್ತು ಮೈಸೂರಿನ ಮಹಾರಾಜರು

ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕರ ಮೂರನೆಯ ಪಿಯಾನೋ ಕನ್ಚರ್ಟೋ, ಅಂದರೆ ಒಂದು ಪಿಯಾನೋ ಮತ್ತು ಪೂರ್ಣ ವಾದ್ಯವೃಂದ ಸೇರಿ ನುಡಿಸುವ ದೊಡ್ಡ ರಚನೆ, ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. ಯೂರೋಪಿನ ಸಂಗೀತಕೃತಿಗಳ ಅರ್ಪಣೆಯ ಸಾಲಿನಲ್ಲಿ ಡ್ಯೂಕರು, ಕೌಂಟರು, ರಾಜಕುಮಾರಿಯರು ಹೇರಳವಾಗಿ ಸಿಗುತ್ತಾರೆ. ಚಾಮುಂಡಿ ಬೆಟ್ಟದ ತಪ್ಪಲಿನ ಅರಸರೊಬ್ಬರ ಹೆಸರು ಅಲ್ಲಿಗೆ ಹೋಗಿ ಸೇರಿದ್ದು ಹೇಗೆಂಬುದು ಸ್ವಾರಸ್ಯದ ಸಂಗತಿಯೇ. ಆದರೆ ಅದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಪ್ರಶ್ನೆ ಇನ್ನೊಂದಿದೆ. ಇಡೀ ಯೂರೋಪಿನ ಸಂಗೀತವನ್ನು ಧ್ವನಿಮುದ್ರಿಕೆಗಳಲ್ಲಿ ತರಿಸಿಕೊಂಡು ಕೇಳಬಲ್ಲವರಾಗಿದ್ದ ಜಯಚಾಮರಾಜೇಂದ್ರ ಒಡೆಯರು, ಬಾಖ್, ಬೀಥೋವನ್, ಬ್ರಾಮ್ಸ್ ಮುಂತಾದ ಸರ್ವಸಮ್ಮತ ಹೆಸರುಗಳೆಲ್ಲ ಕಣ್ಣೆದುರಿಗಿರುವಾಗ, ಲಂಡನ್ನಿನ ರಸಿಕರೇ ಅಪರೂಪಕ್ಕೆ ಕೇಳುತ್ತಿದ್ದ ಒಬ್ಬ ವೃದ್ಧ ಪಿಯಾನೋವಾದಕರ ಮೇಲೆ ಅಷ್ಟು ಮಮತೆ ಇಟ್ಟದ್ದು ಏಕೆ? ದೊಡ್ಡವರೆಂದು ಒಪ್ಪಿತವಾದವರ ಸಾಲಿನ ಹೊರಗಿರುವ ಸಂಯೋಜಕರ ಮೇಲೆ ಕೆಲವು ಕೇಳುಗರಿಗೆ ಹುಟ್ಟುವ ಈ ಪ್ರೀತಿ ಎಂಥದ್ದು ಎಂಬುದನ್ನು ಅರ್ಥಮಾಡಿಕೊಳ್ಳಲು ಮೆಟ್ನರ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಂತೆ ಇಲ್ಲ.

ಮೊದಲಿಗೆ ಆ ಸಾಲು ಹೇಗೆ ಕಟ್ಟಿಕೊಂಡಿತು ಎಂಬುದನ್ನು ನೋಡಬೇಕು, ಏಕೆಂದರೆ ಅದು ಆಕಾಶದಿಂದ ಇಳಿದು ಬಂದದ್ದಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಜನರು ಕೇಳುತ್ತಿದ್ದುದು ಬಹುಪಾಲು ತಮ್ಮ ಕಾಲದ ಸಂಗೀತವನ್ನೇ. ಸತ್ತವರ ಸಂಗೀತವನ್ನು ಮತ್ತೆ ಮತ್ತೆ ನುಡಿಸಬೇಕೆಂಬ ರೂಢಿ ಗಟ್ಟಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1829ರಲ್ಲಿ ಇಪ್ಪತ್ತು ವರ್ಷದ ಮೆಂಡೆಲ್ಸನ್ ಅವರು ಬಾಖ್ ಅವರ ಸಂತ ಮತ್ತಾಯನ ಯಾತನಾಕಥೆಯನ್ನು ಬರ್ಲಿನ್ನಿನಲ್ಲಿ ಹಾಡಿಸಿದ್ದು, 1850ರಲ್ಲಿ ಬಾಖ್ ಸಮಗ್ರ ಕೃತಿಗಳ ಪ್ರಕಟಣೆಗೆಂದೇ ಒಂದು ಸಂಘ ಹುಟ್ಟಿದ್ದು, ಊರೂರಿನಲ್ಲಿ ಸಾರ್ವಜನಿಕ ಸಂಗೀತಭವನಗಳು ಎದ್ದದ್ದು, ಇವೆಲ್ಲ ಸೇರಿ ಸಂಗೀತಕ್ಕೊಂದು ವಸ್ತುಸಂಗ್ರಹಾಲಯ ಸಿದ್ಧವಾಯಿತು. ಬಾಖ್, ಬೀಥೋವನ್, ಬ್ರಾಮ್ಸ್ ಎಂಬ ತ್ರಿಮೂರ್ತಿಗಳ ಪಟ್ಟಿಯೂ ಆ ಶತಮಾನದ್ದೇ. ತಮಾಷೆಯೆಂದರೆ, 1850ರ ದಶಕದಲ್ಲಿ ಜರ್ಮನ್ ಸಂಯೋಜಕ ಪೀಟರ್ ಕಾರ್ನೇಲಿಯಸ್ ಆ ಪಟ್ಟಿಯನ್ನು ಮೊದಲು ಹೊಸೆದಾಗ ಮೂರನೆಯ ಪೀಠದಲ್ಲಿ ಕೂತಿದ್ದವರು ಫ್ರೆಂಚ್ ಸಂಯೋಜಕ ಬರ್ಲಿಯೋಜ್. ಮುಂದೆ ವಾದ್ಯವೃಂದದ ನಿರ್ವಾಹಕರಾದ ಹಾನ್ಸ್ ಫಾನ್ ಬ್ಯೂಲೋ, ಬರ್ಲಿಯೋಜ್ ಅವರನ್ನು ಎಬ್ಬಿಸಿ ಆ ಜಾಗದಲ್ಲಿ ಬ್ರಾಮ್ಸ್ ಅವರನ್ನು ಕೂರಿಸಿದರು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳ ವಿಷಯದಲ್ಲಿ ಅಂಥ ಪೀಠಾಂತರ ನಡೆಯಲಿಲ್ಲವಾದರೂ, ಮೂವರನ್ನು ಗರ್ಭಗುಡಿಯಲ್ಲಿಟ್ಟು ಉಳಿದವರನ್ನು ಪ್ರಾಕಾರದಲ್ಲಿ ನಿಲ್ಲಿಸುವ ಪರಿಪಾಠ ನಮಗೆ ಹೊಸದೇನಲ್ಲ.

ಪಟ್ಟಿಯಲ್ಲಿರುವವರು ಅದಕ್ಕೆ ಅರ್ಹರಲ್ಲ ಎಂದು ನಾನು ಹೇಳುತ್ತಿಲ್ಲ. ಬಾಖ್ ಅವರ ಮುಂದೆ ಮೆಟ್ನರ್ ಅವರನ್ನು ಎತ್ತಿ ಕಟ್ಟುವ ಉದ್ದೇಶವೂ ನನಗಿಲ್ಲ. ಹೇಳಬೇಕಾದದ್ದು ಇಷ್ಟೇ: ಪಟ್ಟಿಗೆ ಸೇರಲು ಸಂಗೀತ ಚೆನ್ನಾಗಿದ್ದರೆ ಸಾಲದು, ಅದು ಒಂದು ನಿರ್ದಿಷ್ಟ ರೀತಿಯಲ್ಲಿ ಚೆನ್ನಾಗಿರಬೇಕು. ಎರಡು ಸಾವಿರ ಜನ ಕೂತ ಸಭಾಂಗಣದಲ್ಲಿ, ಒಂದೇ ಸಂಜೆಯಲ್ಲಿ, ಒಂದೇ ಕೇಳ್ಮೆಯಲ್ಲಿ ಗೆಲ್ಲುವ ಶಕ್ತಿ ಅದಕ್ಕಿರಬೇಕು. ಹಾಗೆ ಗೆಲ್ಲಲಾಗದ, ಆದರೆ ಮೂರನೆಯ ಸಲವೋ ಹತ್ತನೆಯ ಸಲವೋ ಕೇಳಿದಾಗ ಬಾಗಿಲು ತೆರೆಯುವ ಸಂಗೀತವೂ ಇದೆ. ಮೆಟ್ನರ್ ಅವರದು ಆ ಜಾತಿಯದು.

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, 1880ರ ಜನವರಿ 5ರಂದು. ಆ ಊರಿನ ಸಂಗೀತ ಕನ್ಸರ್ವೇಟರಿಯಲ್ಲಿ ಪಿಯಾನೋ ಕಲಿತು 1900ರಲ್ಲಿ ಹೊರಬಂದಾಗ ಅವರ ಮುಂದಿದ್ದುದು ಪ್ರವಾಸಿ ಪಿಯಾನೋವಾದಕನ ನೇರ ಹಾದಿ. ಅದನ್ನು ಬಿಟ್ಟು ಅವರು ಸಂಯೋಜನೆಯತ್ತ ಹೊರಳಿದರು. ಸಂಯೋಜನೆಯನ್ನು ಅವರು ಬಹುಮಟ್ಟಿಗೆ ತಾವಾಗಿಯೇ ಕಲಿತವರು. ಆದರೂ ಈ ಹುಡುಗ ಸೊನಾಟಾ ರೂಪವನ್ನು, ಅಂದರೆ ಮುಂದೆ ವಿವರಿಸಲಿರುವ ಒಂದು ರಚನಾಕ್ರಮವನ್ನು, ಹುಟ್ಟುವಾಗಲೇ ತಂದುಕೊಂಡಿದ್ದಾನೆ ಎಂಬರ್ಥದ ಮಾತನ್ನು ಅವರ ಗುರು ತಾನೆಯೆವ್ ಆಡಿದರೆಂದು ಪ್ರಸಿದ್ಧಿ. ಬದುಕಿಡೀ ಬರೆದದ್ದು ಹದಿನಾಲ್ಕು ಪಿಯಾನೋ ಸೊನಾಟಾಗಳು, ಸ್ಕಾಜ್ಕಾ ಎಂದು ಕರೆದ ಮೂವತ್ತೆಂಟು ಕಿರುರಚನೆಗಳು, ಮೂರು ಪಿಯಾನೋ ಕನ್ಚರ್ಟೋಗಳು, ಪಿಟೀಲು ಮತ್ತು ಪಿಯಾನೋಗೆ ಮೂರು ಸೊನಾಟಾಗಳು, ಯೌವನದಲ್ಲಿ ಶುರುಮಾಡಿ ಮುಪ್ಪಿನಲ್ಲಿ ಮುಗಿಸಿದ ಒಂದು ಪಿಯಾನೋ ಕ್ವಿಂಟೆಟ್ (ಪಿಯಾನೋ ಮತ್ತು ನಾಲ್ಕು ತಂತಿವಾದ್ಯಗಳ ರಚನೆ), ನೂರಕ್ಕೂ ಮಿಕ್ಕ ಹಾಡುಗಳು. ಈ ಪಟ್ಟಿಯಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಸಿಂಫನಿ ಇಲ್ಲ, ಆಪೆರಾ ಇಲ್ಲ, ಬ್ಯಾಲೆ ಇಲ್ಲ. ಅವರು ಬರೆದ ಪ್ರತಿಯೊಂದು ಕೃತಿಯಲ್ಲಿಯೂ ಪಿಯಾನೋ ಇದೆ. ಸಂಯೋಜಕರ ಹೆಸರನ್ನು ಊರಿಂದೂರಿಗೆ ಹೊತ್ತು ತಿರುಗುವುದು ವಾದ್ಯವೃಂದಗಳೂ ಆಪೆರಾ ಮನೆಗಳೂ ಆಗಿದ್ದ ಕಾಲದಲ್ಲಿ, ಒಬ್ಬ ವಾದಕನೂ ಒಂದು ವಾದ್ಯವೂ ಸಾಕೆಂದುಕೊಂಡವರ ಹೆಸರು ಎಷ್ಟು ದೂರ ಹೋದೀತು?

ಕಾಲವೂ ಅವರ ಕಡೆ ಇರಲಿಲ್ಲ. 1913ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿ ಅವರ ವಸಂತೋತ್ಸವದ ಬ್ಯಾಲೆ ಕೋಲಾಹಲ ಎಬ್ಬಿಸಿತು. ವಿಯೆನ್ನಾದಲ್ಲಿ ಷೋನ್‌ಬರ್ಗ್ ಆಗಲೇ ಆಧಾರಸ್ವರವೆಂಬುದನ್ನೇ ಕೈಬಿಟ್ಟಿದ್ದರು. ಮೆಟ್ನರ್ ಆ ಎರಡು ದಾರಿಗಳನ್ನೂ ಒಪ್ಪಲಿಲ್ಲ. ಒಪ್ಪದೆ ಸುಮ್ಮನಿದ್ದರೆ ಹೇಗೋ ನಡೆಯುತ್ತಿತ್ತು. ಅವರು 1935ರಲ್ಲಿ ಒಂದು ಪುಸ್ತಕವನ್ನೇ ಬರೆದು, ಸಂಗೀತಕ್ಕೆ ಬದಲಾಗದ ಕೆಲವು ನಿಯಮಗಳಿವೆ, ಅವುಗಳನ್ನು ಮುರಿಯುವುದು ಕಲೆಯಲ್ಲ, ಬರಿಯ ಫ್ಯಾಷನ್ನು ಎಂದು ವಾದಿಸಿದರು. ತಂಬೂರಿಯ ಶ್ರುತಿಯನ್ನು ಕಿವಿಯಲ್ಲಿಟ್ಟುಕೊಂಡು ಬೆಳೆದ ನಮ್ಮವರಿಗೆ ಈ ವಾದ ವಿಚಿತ್ರವೆನಿಸದು. ಷಡ್ಜವೇ ಇಲ್ಲದೆ ಹಾಡುತ್ತೇನೆ ಎಂದು ಯಾರಾದರೂ ಹೊರಟರೆ ನಮ್ಮ ಸಭೆಗಳಲ್ಲಿ ಏನಾದೀತು ಎಂಬುದನ್ನು ಊಹಿಸಿಕೊಳ್ಳಬಹುದು. ಆದರೆ ಆಗಿನ ಯೂರೋಪಿನಲ್ಲಿ ಅದು ಹಳೆಯ ಕಾಲದವನ ಗೊಣಗಾಟವಾಗಿ ಕೇಳಿಸಿತು. ಪುಸ್ತಕವನ್ನು ಪ್ರಕಟಿಸಿದ್ದು ಗೆಳೆಯ ರಾಖ್ಮನಿನಾಫ್ ಅವರ ಪ್ರಕಾಶನ ಸಂಸ್ಥೆ.

ರಾಖ್ಮನಿನಾಫ್ ಅವರ ಸ್ನೇಹ ಮೆಟ್ನರ್ ಅವರ ಬದುಕಿನ ದೊಡ್ಡ ಆಸರೆ. ಹೆಸರಿನ ಮಟ್ಟಿಗೆ ಅದೇ ದೊಡ್ಡ ನೆರಳೂ ಹೌದು. ರಾಖ್ಮನಿನಾಫ್ ತಮ್ಮ ನಾಲ್ಕನೆಯ ಕನ್ಚರ್ಟೋವನ್ನು ಮೆಟ್ನರ್ ಅವರಿಗೂ, ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನಾಫ್ ಅವರಿಗೂ ಅರ್ಪಿಸಿಕೊಂಡರು. ಇಬ್ಬರೂ ಮಾಸ್ಕೋದಲ್ಲಿ ಕಲಿತವರು, ಇಬ್ಬರೂ ಅಸಾಧಾರಣ ಪಿಯಾನೋವಾದಕರು, ಇಬ್ಬರೂ ಕ್ರಾಂತಿಯ ನಂತರ ದೇಶ ಬಿಟ್ಟವರು, ಇಬ್ಬರೂ ಹೊಸ ಅಲೆಗೆ ಒಗ್ಗದವರು. ಹೀಗಿದ್ದೂ ಒಬ್ಬರು ಮನೆಮಾತಾಗಿ ಇನ್ನೊಬ್ಬರು ಮರೆಗೆ ಸರಿದದ್ದೇಕೆ? ರಾಖ್ಮನಿನಾಫ್ ಅವರ ಎರಡನೆಯ ಕನ್ಚರ್ಟೋವನ್ನು ಒಮ್ಮೆ ಕೇಳಿದವರು ಮನೆಗೆ ಹೋಗುವಾಗ ಅದರ ಧಾಟಿಯನ್ನು ಗುನುಗಬಲ್ಲರು. ಮೆಟ್ನರ್ ಅವರ ಧಾಟಿ ಹಾಗೆ ಜೇಬಿಗೆ ಇಳಿಯುವುದಿಲ್ಲ. ಅದು ಮೊದಲು ನಾಲ್ಕೈದು ಸ್ವರಗಳ ತುಣುಕಾಗಿ ಬರುತ್ತದೆ, ಬಂದಾಗ ವಿಶೇಷವೇನೂ ಅನ್ನಿಸುವುದಿಲ್ಲ. ಆ ತುಣುಕು ಮುಂದೆ ಏನೇನಾಗುತ್ತದೆ ಎಂಬುದರಲ್ಲಿ ಅದರ ಸೊಗಸಿದೆ. ಮುಂದೇನಾಯಿತು ಎಂದು ತಿಳಿದ ಮೇಲೆ ಮಾತ್ರ ಮೊದಲ ತುಣುಕಿನ ಅರ್ಥ ಹೊಳೆಯುವುದರಿಂದ, ಒಮ್ಮೆ ಕೇಳಿದವನಿಗೆ ಅದು ಅರ್ಧ ಮಾತ್ರ ಕೇಳಿದಂತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮೆಟ್ನರ್ ಅವರ ಕಷ್ಟವೂ ಸುಖವೂ ಇಲ್ಲೇ ಇವೆ. ಸೊನಾಟಾ ರೂಪದ ಹಂದರ ಸ್ಥೂಲವಾಗಿ ಹೀಗಿರುತ್ತದೆ: ಮೊದಲು ಒಂದು ಧಾಟಿ ತನ್ನ ಸ್ವಂತ ಆಧಾರಸ್ವರದಲ್ಲಿ ಬರುತ್ತದೆ, ಆಮೇಲೆ ಆಧಾರಸ್ವರವೇ ಬೇರೆಡೆಗೆ ಸರಿದು, ಅಲ್ಲಿ ಇನ್ನೊಂದು ಧಾಟಿ ಬೇರೆ ಸ್ವಭಾವದೊಂದಿಗೆ ಕಾಣಿಸಿಕೊಳ್ಳುತ್ತದೆ, ನಂತರ ಎರಡನ್ನೂ ಒಡೆದು, ಬೆರೆಸಿ, ಹಲವು ಆಧಾರಗಳ ಮೇಲೆ ಅಲೆದಾಡಿಸಲಾಗುತ್ತದೆ, ಕೊನೆಗೆ ಎರಡೂ ಮೊದಲಿನ ಆಧಾರಕ್ಕೆ, ಒಂದೇ ಮನೆಗೆ, ಮರಳುತ್ತವೆ. ನಮ್ಮಲ್ಲಿ ವಿದ್ವಾಂಸರು ರಾಗಾಲಾಪನೆಯ ನಡುವೆ ಗೃಹಭೇದ ಮಾಡಿ, ಕ್ಷಣಕಾಲ ಇನ್ನೊಂದು ರಾಗದ ಛಾಯೆಯನ್ನು ತೋರಿಸಿ ಹಿಂದಿರುಗುತ್ತಾರಲ್ಲ, ಆ ಕ್ಷಣದ ರೋಮಾಂಚವನ್ನು ಇಪ್ಪತ್ತು ನಿಮಿಷಗಳ ಪಯಣವಾಗಿ ಹಿಗ್ಗಿಸಿದರೆ ಏನಾಗಬಹುದೋ ಸುಮಾರಾಗಿ ಅದು. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಆದರೆ ಕಿವಿಗೆ ದಾರಿ ತೋರಿಸುತ್ತದೆ. ಮೆಟ್ನರ್ ಈ ಹಂದರವನ್ನು ಮುರಿಯುವುದಿಲ್ಲ. ಅದರೊಳಗೆ ನೇಯ್ಗೆಯನ್ನು ದಟ್ಟವಾಗಿಸುತ್ತಾರೆ. ಮೊದಲನೆಯ ಧಾಟಿ ಬಲಗೈಯ ಮೇಲುಸ್ಥಾಯಿಯಲ್ಲಿ ನಡೆಯುತ್ತಿರುವಾಗ ಎರಡನೆಯದು ಅದೇ ಹೊತ್ತಿಗೆ ನಡುವಿನ ಬೆರಳುಗಳಲ್ಲಿ, ಯಾರಿಗೂ ಹೇಳದೆ, ಸಾಗಿರುತ್ತದೆ. ಒಂದು ವರ್ಣದ ಪಲ್ಲವಿಯನ್ನೂ ಚರಣದ ಎತ್ತುಗಡೆ ಸ್ವರಗಳನ್ನೂ ಒಟ್ಟಿಗೇ ನುಡಿಸಿದರೂ ಒಂದಕ್ಕೊಂದು ಹೊಂದುವಂತೆ ರಚಿಸಿದ್ದರೆ ಹೇಗೋ ಹಾಗೆ. ನುಡಿಸುವವರಿಗೆ ಇದು ಪ್ರಾಣಸಂಕಟದ ಕೆಲಸ. ಕೇಳುವವರಿಗೆ ಆ ಕಷ್ಟ ಕಾಣುವುದೇ ಇಲ್ಲ. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವುದು ಕಾಣುವ ಕಷ್ಟ ಮಾತ್ರ, ಆದ್ದರಿಂದ ಪಿಯಾನೋವಾದಕರೂ ಈ ಕೃತಿಗಳ ಕಡೆ ಕೈ ಚಾಚಲು ಹಿಂಜರಿದರು.

ಒಂದು ಕೃತಿಯನ್ನು ಹತ್ತಿರದಿಂದ ನೋಡೋಣ. 1911ರ ಹೊತ್ತಿಗೆ ಮುಗಿದ ಇ ಮೈನರ್ ಸೊನಾಟಾಕ್ಕೆ 'ರಾತ್ರಿಗಾಳಿ' ಎಂಬ ಹೆಸರು ರೂಢಿಯಲ್ಲಿದೆ. ಊಳಿಡುವ ಇರುಳ ಗಾಳಿಯನ್ನು ಕುರಿತು, ನಿದ್ರಿಸುತ್ತಿರುವ ಆದಿಮ ಗೊಂದಲವನ್ನು ಎಬ್ಬಿಸಬೇಡ ಎಂದು ಬೇಡಿಕೊಳ್ಳುವ ತ್ಯುಚೆವ್ ಅವರ ಕವಿತೆಯನ್ನು ಮೆಟ್ನರ್ ಈ ಕೃತಿಯ ತಲೆಯಲ್ಲಿ ಕೊಟ್ಟಿದ್ದಾರೆ. ಅರ್ಪಣೆ ರಾಖ್ಮನಿನಾಫ್ ಅವರಿಗೆ. ಅರ್ಧ ಗಂಟೆಗೂ ಮಿಕ್ಕ ಹೊತ್ತು ಎಲ್ಲಿಯೂ ನಿಲ್ಲದೆ ಸಾಗುವ ಈ ಕೃತಿಯ ಮೊದಲ ದೊಡ್ಡ ಭಾಗ ಒಂದು ಆವರ್ತಕ್ಕೆ ಹದಿನೈದು ಎಣಿಕೆಯ ಲಯದಲ್ಲಿದೆ. ಪಾಶ್ಚಾತ್ಯ ಸಂಗೀತದಲ್ಲಿ ಇದು ಅಪರೂಪ. ಮೂರು, ನಾಲ್ಕು, ಆರರ ಎಣಿಕೆಗೆ ಒಗ್ಗಿದ ಅಲ್ಲಿನ ಕಿವಿಗೆ ಕಾಲು ಎಲ್ಲಿ ಊರಬೇಕೆಂದು ತಿಳಿಯದೆ ಗಾಳಿಯಲ್ಲಿ ತೇಲಿದಂತಾಗುತ್ತದೆ. ಖಂಡ ಜಾತಿ ಏಕತಾಳವನ್ನು ತಿಸ್ರ ನಡೆಯಲ್ಲಿ ಹಾಕಿ ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗೆ ಅದೇ ಹದಿನೈದು ಐದು ಮೂರುಗಳಾಗಿ, ಕಿರುಬೆರಳಿನಿಂದ ಎಣಿಸಿಕೊಂಡು ಹೋದರೆ ಸಾಕು, ತಾನೇ ಬಿಚ್ಚಿಕೊಳ್ಳುತ್ತದೆ. ನನ್ನ ಅನುಭವ ಹೇಳುವುದಾದರೆ, ಮೊದಲ ಸಲ ಕೇಳಿದಾಗ ಈ ಕೃತಿಯಿಂದ ಒಂದು ಸಾಲನ್ನೂ ನೆನಪಿಟ್ಟುಕೊಳ್ಳಲಾಗದೆ, ಬರಿಯ ಸ್ವರಗಳ ಮಳೆ ಎಂದು ಬದಿಗಿಟ್ಟೆ. ಎರಡನೆಯ ಸಲ ತೊಡೆಯ ಮೇಲೆ ತಾಳ ಹಾಕುತ್ತಾ ಕೂತೆ. ಆರಂಭದಲ್ಲಿ ಮೇಲಿಂದ ಕೆಳಗೆ ಬೀಳುವ ಮೂರು ಸ್ವರಗಳ ಒಂದು ಕರೆ ಇದೆ; ಆ ಕರೆ ಎಡಗೈಯ ತಳದಲ್ಲಿಯೂ, ಬಿರುಸಿನ ನಡುವೆಯೂ, ಕೊನೆಯ ಪುಟಗಳಲ್ಲಿಯೂ ಬೇರೆ ಬೇರೆ ವೇಷದಲ್ಲಿ ಬರುತ್ತಿರುವುದು ಕಿವಿಗೆ ಬಿದ್ದಾಗ, ಮಳೆಯೆಂದುಕೊಂಡದ್ದು ಒಂದೇ ಮಾತಿನ ನೂರು ಉಚ್ಚಾರಣೆ ಎಂದು ತಿಳಿಯಿತು.

ಸ್ಕಾಜ್ಕಾಗಳಿಗೆ ಇಷ್ಟು ಶ್ರಮ ಬೇಕಿಲ್ಲ. ಈ ರಷ್ಯನ್ ಪದವನ್ನು ಇಂಗ್ಲಿಷಿನವರು ಕಿನ್ನರಿಯರ ಕಥೆ ಎಂದು ಮಾಡಿಕೊಂಡದ್ದರಿಂದ ಅದಕ್ಕೊಂದು ಮಕ್ಕಳಾಟದ ಬಣ್ಣ ಬಂದಿದೆ. ಅಜ್ಜಿಕಥೆ ಎಂಬ ನಮ್ಮ ಮಾತು ಅದಕ್ಕೆ ಹೆಚ್ಚು ಹತ್ತಿರ. ಅಲ್ಲಿ ರಾಕ್ಷಸರೂ ಇರುತ್ತಾರೆ, ದಡ್ಡ ತಮ್ಮನೂ ಇರುತ್ತಾನೆ, ಅಳುವೂ ಇರುತ್ತದೆ. ಒಂದು ಗುಚ್ಛವನ್ನಂತೂ ಮೆಟ್ನರ್ ಸಿಂಡರೆಲ್ಲಾಗೂ ರಷ್ಯನ್ ಜನಪದದ ಪೆದ್ದ ಇವಾನನಿಗೂ ಅರ್ಪಿಸಿದ್ದಾರೆ. ಮೂರರಿಂದ ಐದು ನಿಮಿಷದ ಈ ರಚನೆಗಳಲ್ಲಿ ಅವರು ಕಥೆಯನ್ನು ಹೇಳುವುದಿಲ್ಲ, ಕಥೆ ಹೇಳುವವರ ದನಿಯನ್ನು ಹಿಡಿಯುತ್ತಾರೆ.

ಇದೆಲ್ಲವನ್ನೂ ಮೆಚ್ಚುವಾಗ ಮರೆಯಬಾರದ ಮಾತೊಂದಿದೆ. ಮರೆತುಹೋದವರನ್ನು ಪ್ರೀತಿಸುವವರಲ್ಲಿ ಒಂದು ಚಟ ಬೆಳೆಯುತ್ತದೆ, ಸಿಕ್ಕಿದವರೆಲ್ಲರೂ ಮಹಾಪ್ರತಿಭೆಗಳೇ, ಲೋಕವೇ ಕುರುಡು ಎಂದು. ಮೆಟ್ನರ್ ಅವರ ವಾದ್ಯವೃಂದದ ಬರವಣಿಗೆ ಹಲವು ಕಡೆ ಮಂಕಾಗಿದೆ. ಪಿಯಾನೋದಲ್ಲಿ ಯೋಚಿಸಿದ್ದನ್ನು ಬೇರೆ ವಾದ್ಯಗಳಿಗೆ ಹಂಚಿದಂತೆ ಕೇಳುತ್ತದೆ. ಕೆಲವು ಹಾಡುಗಳಲ್ಲಿ ಪಿಯಾನೋ ಎಷ್ಟು ಮಾತಾಡುತ್ತದೆಂದರೆ ಗಾಯಕಿಗೆ ಉಸಿರಾಡಲು ಜಾಗವಿರುವುದಿಲ್ಲ. ಸ್ವಭಾವವೂ ಮೆತ್ತನೆಯದಲ್ಲ: 1910ರಲ್ಲಿ ಬೀಥೋವನ್ ಅವರ ನಾಲ್ಕನೆಯ ಕನ್ಚರ್ಟೋದ ತಾಲೀಮಿನಲ್ಲಿ ಲಯದ ವಿಷಯವಾಗಿ ಪ್ರಸಿದ್ಧ ನಿರ್ವಾಹಕ ಮೆಂಗೆಲ್‌ಬರ್ಗ್ ಅವರೊಡನೆ ಜಗಳವಾಡಿ ಎದ್ದುಹೋದವರು ಅವರು. ಈ ಕುಂದುಗಳನ್ನು ಬಲ್ಲ ಮೇಲೂ ಉಳಿಯುವ ಮೆಚ್ಚುಗೆಗೆ ಪ್ರೀತಿ ಎನ್ನಬಹುದು. ಅದಕ್ಕೆ ಮುಂಚಿನದು ಬರಿಯ ಉತ್ಸಾಹ.

1921ರಲ್ಲಿ ಮೆಟ್ನರ್ ದಂಪತಿಗಳು ರಷ್ಯಾ ಬಿಟ್ಟರು. ಬರ್ಲಿನ್, ಪ್ಯಾರಿಸ್ಸಿನ ಆಸುಪಾಸು, ಕೊನೆಗೆ 1930ರ ದಶಕದ ನಡುವಿನಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆ. ಅವರ ಮನೆತನಕ್ಕೆ ಜರ್ಮನ್ ಹಿನ್ನೆಲೆ ಇತ್ತು, ಜರ್ಮನ್ ಕವಿ ಗಯಟೆ ಅವರ ಕವಿತೆಗಳಿಗೆ ಎಷ್ಟೋ ಹಾಡು ಕಟ್ಟಿದ್ದರು. ಆದ್ದರಿಂದ ರಷ್ಯಾದಲ್ಲಿದ್ದಾಗ ಅವರು ಅರೆ ಜರ್ಮನ್, ಜರ್ಮನಿಯಲ್ಲಿ ಪೂರ್ತಿ ರಷ್ಯನ್. ರಷ್ಯದ ಬ್ರಾಮ್ಸ್ ಎಂಬ ಹಣೆಪಟ್ಟಿಯೂ ಅಂಟಿತ್ತು. ಇನ್ನೊಬ್ಬರ ಹೆಸರಿನಿಂದ ಗುರುತಿಸಲ್ಪಡುವುದು ಚಿಕ್ಕವನೆನ್ನಿಸಿಕೊಳ್ಳಲು ಸುಲಭದ ದಾರಿ. ದೇಶ ಬಿಟ್ಟವರ ಸಂಗೀತವನ್ನು ಎತ್ತಿ ಹಿಡಿಯಲು ಸೋವಿಯತ್ ಒಕ್ಕೂಟಕ್ಕೆ ಕಾರಣವಿರಲಿಲ್ಲ, ಪಶ್ಚಿಮದಲ್ಲಿ ತಮ್ಮವನೆಂದು ಹೇಳಿಕೊಳ್ಳುವವರಿರಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಗೌರವಧನವೂ ನಿಂತಿತು. ಬಾಂಬ್ ದಾಳಿಯ ದಿನಗಳಲ್ಲಿ ಶಿಷ್ಯೆ ಹಾಗೂ ಪಿಯಾನೋವಾದಕಿ ಎಡ್ನಾ ಐಲ್ಸ್ ಅವರ ಕುಟುಂಬ ವಾರಿಕ್‌ಷೈರಿನಲ್ಲಿ ಆಶ್ರಯ ಕೊಟ್ಟಿತು. ಹೃದ್ರೋಗದಿಂದ ಬಳಲುತ್ತಲೇ ಅವರು ಅಲ್ಲಿ ಮೂರನೆಯ ಕನ್ಚರ್ಟೋವನ್ನು ಮುಗಿಸಿದರು. 1944ರ ಫೆಬ್ರವರಿಯಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಏಡ್ರಿಯನ್ ಬೋಲ್ಟ್ ಅವರ ನಿರ್ವಹಣೆಯಲ್ಲಿ ಅದನ್ನು ಮೊದಲ ಬಾರಿಗೆ ತಾವೇ ನುಡಿಸಿದರು. ಆಗ ಅವರಿಗೆ ಅರವತ್ತನಾಲ್ಕು ವರ್ಷ.

ಈ ಹಂತದಲ್ಲಿ ಮೈಸೂರು ಬರುತ್ತದೆ. 1919ರಲ್ಲಿ ಹುಟ್ಟಿದ ಜಯಚಾಮರಾಜೇಂದ್ರ ಒಡೆಯರು ಬಾಲ್ಯದಿಂದ ಪಿಯಾನೋ ಕಲಿತವರು. ಪಿಯಾನೋವಾದಕರಾಗಬೇಕೆಂಬ ಹಂಬಲವೂ ಅವರಲ್ಲಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡಾಗ, ಇಪ್ಪತ್ತೊಂದರ ತರುಣನ ಮೇಲೆ ಸಿಂಹಾಸನ ಬಿತ್ತು, ಪಿಯಾನೋ ಹಿಂದೆ ಸರಿಯಿತು. ಅರಮನೆಗೆ ಯೂರೋಪಿನ ಸಂಗೀತ ಹೊಸದಾಗಿರಲಿಲ್ಲ. ನಾಲ್ವಡಿಯವರ ಕಾಲದಲ್ಲಿಯೇ ಆಟ್ಟೋ ಷ್ಮಿಟ್ ಎಂಬ ಜರ್ಮನ್ ಬ್ಯಾಂಡ್ ಮಾಸ್ಟರರು ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದ್ದರು. ಆದರೆ ಲಂಡನ್ನಿನಲ್ಲೋ ವಿಯೆನ್ನಾದಲ್ಲೋ ಸಿಗುವ ಕಛೇರಿಗಳು ಮೈಸೂರಿನಲ್ಲಿ ಸಿಗುವಂತಿರಲಿಲ್ಲ. ಮಹಾರಾಜರು ಯೂರೋಪಿನ ಸಂಗೀತವನ್ನು ಕೇಳಿದ್ದು ಬಹುಪಾಲು ಗ್ರಾಮಫೋನಿನಲ್ಲಿ. 1950ರ ಹೊತ್ತಿಗೆ ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಅಂದಾಜಿಸಲಾಗಿತ್ತು.

ಗ್ರಾಮಫೋನಿನ ವಿಷಯವನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಅಂಗುಲದ ಅರಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ. ಮೂವತ್ತೈದು ನಿಮಿಷದ ಕನ್ಚರ್ಟೋ ಎಂದರೆ ಎಂಟೊಂಬತ್ತು ಮಗ್ಗುಲು. ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಏಳಬೇಕು, ಮುಳ್ಳನ್ನು ಎತ್ತಬೇಕು, ತಟ್ಟೆ ತಿರುವಿ ಹಾಕಬೇಕು. ಕಿರಿಕಿರಿಯ ಕೆಲಸವೇ, ಆದರೆ ಅದರಲ್ಲಿ ಒಂದು ಲಾಭವಿತ್ತು: ಅರ್ಥವಾಗದ ನಾಲ್ಕು ನಿಮಿಷವನ್ನು ತಿರುವಿ ಹಾಕುವ ಬದಲು ಮುಳ್ಳನ್ನು ಮತ್ತೆ ಅಂಚಿಗೆ ತಂದಿಟ್ಟರೆ ಸಾಕು, ಅದೇ ಭಾಗ ಇನ್ನೊಮ್ಮೆ, ಮತ್ತೊಮ್ಮೆ. ಸಭಾಂಗಣದ ಶ್ರೋತೃವಿಗೆ ಈ ಸವಲತ್ತು ಇರಲಿಲ್ಲ. ಮೆಟ್ನರ್ ಅವರ ಸಂಗೀತಕ್ಕೆ ಬೇಕಾದ ಕೇಳುಗನನ್ನು ಲಂಡನ್ನಿನ ಸಭೆಗಳು ಒದಗಿಸಲಾರದೆ ಹೋದದ್ದೂ, ಸಾವಿರಾರು ಮೈಲಿ ದೂರದ ಒಂದು ಅರಮನೆ ಒದಗಿಸಿದ್ದೂ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಛೇರಿಯಿಂದ ಅಲ್ಲ, ತಟ್ಟೆಯಿಂದ ಸಂಗೀತವನ್ನು ಕಲಿತ ಕಿವಿಗೆ ಪಟ್ಟಿಯ ಹಂಗು ಕಡಿಮೆ.

ಮಹಾರಾಜರು ಮೆಟ್ನರ್ ಅವರಿಗೆ ಮಾಡಿದ ಸಹಾಯವೂ ಇದೇ ಬಗೆಯದು. ಬಿರುದು ಕೊಡಲಿಲ್ಲ, ಪೀಠ ಸ್ಥಾಪಿಸಲಿಲ್ಲ. 1940ರ ದಶಕದಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಯನ್ನು ಆರಂಭಿಸಿ, ಸಂಯೋಜಕರೇ ಕೂತು ನುಡಿಸಿದ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಎಲ್ಲ ಕೃತಿಗಳನ್ನೂ ಮುದ್ರಿಸುವುದು ಗುರಿಯಾಗಿತ್ತು. ಆರೋಗ್ಯ ಕೆಡುತ್ತಿದ್ದರೂ ಮೆಟ್ನರ್ ಆ ದಶಕದ ಕೊನೆಯ ವರ್ಷಗಳಲ್ಲಿ ಮೂರೂ ಕನ್ಚರ್ಟೋಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ನುಡಿಸಿದರು. ಸೊನಾಟಾಗಳು, ಸ್ಕಾಜ್ಕಾಗಳು, ಹಾಡುಗಳು ಮುದ್ರಣವಾದವು. ಆಗಿನ್ನೂ ತರುಣಿಯಾಗಿದ್ದ ಎಲಿಜಬೆತ್ ಷ್ವಾರ್ಟ್ಸ್‌ಕಾಫ್ ಹಾಡಿದಾಗ ಪಿಯಾನೋದ ಮುಂದೆ ಕೂತಿದ್ದವರು ಮೆಟ್ನರ್ ಅವರೇ. 1951ರ ನವೆಂಬರ್ 13ರಂದು ಅವರು ತೀರಿಕೊಂಡದ್ದರಿಂದ ಯೋಜನೆ ಪೂರ್ತಿಯಾಗಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದ ಸಂಯೋಜಕರಲ್ಲಿ ತಮ್ಮ ಕೃತಿಗಳನ್ನು ತಾವೇ ಇಷ್ಟು ವಿಸ್ತಾರವಾಗಿ ನುಡಿಸಿ ಬಿಟ್ಟುಹೋದವರು ಕಡಿಮೆ. ಕನ್ಚರ್ಟೋದ ಅರ್ಪಣೆ ಈ ಉಪಕಾರಕ್ಕೆ ಸಲ್ಲಿಸಿದ ಕೃತಜ್ಞತೆ.

ಆ ಧ್ವನಿಮುದ್ರಣಗಳ ಹಿಂದಿದ್ದ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೂ ಬಂದುಹೋದರು. ಊಹಿಸಬಹುದಾದ ಗಂಭೀರ ಸಂಗೀತದ ತಟ್ಟೆಗಳೆಲ್ಲವೂ ಇದ್ದ ಅರಮನೆಯ ಸಂಗ್ರಹವನ್ನೂ, ಧ್ವನಿವರ್ಧಕಗಳ ಸಾಲನ್ನೂ, ದೊಡ್ಡ ಪಿಯಾನೋಗಳನ್ನೂ, ಇನ್ನೂ ಮೂವತ್ತು ತುಂಬದ ಅರಸರನ್ನೂ ಅವರು ಮುಂದೆ ಬೆರಗಿನಿಂದ ನೆನಪಿಸಿಕೊಂಡಿದ್ದಾರೆ. ಫಿಲ್‌ಹಾರ್ಮೋನಿಯಾದ ಚಟುವಟಿಕೆಗಳಿಗೆಂದು ಮೂರು ವರ್ಷ, ವರ್ಷಕ್ಕೆ 10,000 ಪೌಂಡಿನಂತೆ ಕೊಡಲು ಮಹಾರಾಜರು ಒಪ್ಪಿದ್ದು ಆಗಲೇ. ರಿಚರ್ಡ್ ಸ್ಟ್ರಾಸ್ ಅವರ ಕಟ್ಟಕಡೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಕಂಠದಲ್ಲಿ, ಫುರ್ಟ್‌ವೆಂಗ್ಲರ್ ಅವರ ನಿರ್ವಹಣೆಯಲ್ಲಿ ಮೊದಲ ಬಾರಿಗೆ ಕೇಳಿಬಂದದ್ದಕ್ಕೂ ಮೈಸೂರಿನ ಖಾತರಿ ಹಣ ಕಾರಣ. ಹಾಜರಿರಲಾಗದ ಮಹಾರಾಜರಿಗೆ ಆ ಸಂಜೆಯ ಧ್ವನಿಮುದ್ರಣ ಹಡಗಿನಲ್ಲಿ ಬಂತು. ಲಂಡನ್ನಿನ ವಾದ್ಯವೃಂದಕ್ಕೆ ಮೈಸೂರಿನ ಹಣ ಏಕೆ ಹೋಗಬೇಕಿತ್ತು ಎಂದು ಇಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅದೇ ಅರಮನೆ ಅದೇ ವರ್ಷಗಳಲ್ಲಿ ವಾಸುದೇವಾಚಾರ್ಯರನ್ನೂ ವೀಣೆ ವೆಂಕಟಗಿರಿಯಪ್ಪನವರನ್ನೂ ಪೋಷಿಸುತ್ತಿತ್ತು ಎಂಬುದನ್ನೂ ಜೊತೆಗೆ ನೆನೆಯಬೇಕು.

ನೆನೆಯಲು ಇನ್ನೊಂದು ಕಾರಣವಿದೆ. ಆ ಇಬ್ಬರಿಂದ ಕರ್ನಾಟಕ ಸಂಗೀತದ ಒಳಸೂಕ್ಷ್ಮಗಳನ್ನು ಕಲಿತ ಮಹಾರಾಜರು ತಾವೇ ವಾಗ್ಗೇಯಕಾರರಾದರು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ, ಸಂಸ್ಕೃತದಲ್ಲಿ, ಅವರು ರಚಿಸಿದ 94 ಕೃತಿಗಳು ನಮಗೆ ದೊರೆತಿವೆ. ಹಲವು ಅಪರೂಪದ ರಾಗಗಳಲ್ಲಿವೆ. ಅಠಾಣದ 'ಶ್ರೀ ಮಹಾಗಣಪತಿಂ ಭಜೇಹಂ' ಮತ್ತು ಗಂಭೀರನಾಟದ 'ಶ್ರೀ ಜಾಲಂಧರ' ಕಛೇರಿಗಳಲ್ಲಿ ಬರುತ್ತವೆ. ಉಳಿದವುಗಳಲ್ಲಿ ಬಹುಪಾಲು ಸ್ವರಲಿಪಿಯ ಪುಟಗಳಲ್ಲಿ ಕಾಯುತ್ತಿವೆ. ಮೂಲ ಕಾರಣ ಇಲ್ಲಿಯೂ ಬೇರೆಯಲ್ಲ: ಎರಡೂವರೆ ಗಂಟೆಯ ಕಛೇರಿಯಲ್ಲಿ ತ್ರಿಮೂರ್ತಿಗಳಿಗೆ ಮೀಸಲಾದ ಹೊತ್ತನ್ನು ಕಳೆದು, ತಮಿಳಿನ ಒಂದೆರಡು, ದೇವರನಾಮ, ತಿಲ್ಲಾನಗಳನ್ನು ಕಳೆದು ಉಳಿಯುವ ಸಂದಿಯಲ್ಲಿ, ಸಭೆಗೆ ಗೊತ್ತಿಲ್ಲದ ರಾಗದ ಗೊತ್ತಿಲ್ಲದ ಕೃತಿಯನ್ನು ಹಾಡುವ ಧೈರ್ಯ ಎಷ್ಟು ಜನರಿಗಿದ್ದೀತು? ಮೆಟ್ನರ್ ಅವರನ್ನು ತಟ್ಟೆಗಿಳಿಸಿದವರ ಸ್ವಂತ ರಚನೆಗಳಲ್ಲಿ ಹೆಚ್ಚಿನವು ಕಿವಿಗೆ ಬೀಳುವುದೇ ಅಪರೂಪ ಎಂಬುದನ್ನು ನೆನೆದಾಗ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ.

ಮೆಟ್ನರ್ ಅವರ ಪಾಲಿಗೆ ಕಾಲ ಸ್ವಲ್ಪ ಮೆತ್ತಗಾಗಿದೆ. ಪತ್ನಿ ಆನ್ನಾ 1958ರಲ್ಲಿ ಹಸ್ತಪ್ರತಿಗಳೊಡನೆ ಮಾಸ್ಕೋಗೆ ಮರಳಿದರು. 1959ರಿಂದ 1963ರವರೆಗೆ ಅಲ್ಲಿ ಹನ್ನೆರಡು ಸಂಪುಟಗಳ ಸಮಗ್ರ ಆವೃತ್ತಿ ಹೊರಬಂತು. ಎಮಿಲ್ ಗಿಲೆಲ್ಸ್ ಅವರಂಥ ದೊಡ್ಡ ವಾದಕರು ಅವರ 'ರೆಮಿನಿಸೆಂಜಾ' ಸೊನಾಟಾವನ್ನು ತಮ್ಮ ಕಛೇರಿಗಳಿಗೆ ಸೇರಿಸಿಕೊಂಡರು. 1990ರ ದಶಕದಲ್ಲಿ ಸಿ.ಡಿ.ಯ ಕಾಲ ಬಂದಾಗ ಜೆಫ್ರಿ ಟೋಜರ್, ಹೇಮಿಷ್ ಮಿಲ್ನ್, ನಿಕೊಲಾಯ್ ಡೆಮಿಡೆಂಕೊ ಮುಂತಾದವರು ಸಾಲಾಗಿ ಮುದ್ರಿಸಿದರು. ಮಾರ್ಕ್-ಆಂದ್ರೆ ಹ್ಯಾಮ್ಲಿನ್ ಹದಿನಾಲ್ಕೂ ಸೊನಾಟಾಗಳನ್ನು ನುಡಿಸಿದರು. ಹೈಪೀರಿಯನ್ ಎಂಬ ಬ್ರಿಟಿಷ್ ಕಂಪನಿಯಂತೂ ಮರೆಯಾದ ಪಿಯಾನೋ ಕನ್ಚರ್ಟೋಗಳಿಗೆಂದೇ 1991ರಲ್ಲಿ ಒಂದು ಮಾಲಿಕೆ ಶುರುಮಾಡಿತು, ಅದರ ಎರಡನೆಯ ಸಂಪುಟವೇ ಮೆಟ್ನರ್. ಮನೆಯಲ್ಲಿ ಮತ್ತೆ ಮತ್ತೆ ಕೇಳುವ ಸಾಧನ ಅಗ್ಗವಾದಂತೆಲ್ಲ ಅವರ ಕೇಳುಗರು ಹೆಚ್ಚಿರುವುದು ಗಮನಿಸತಕ್ಕದ್ದು. ಸಭಾಂಗಣಗಳಲ್ಲಿ ಇಂದಿಗೂ ಅವರ ಕನ್ಚರ್ಟೋ ಅಪರೂಪ.

ಹೊಸದಾಗಿ ಕೇಳಬಯಸುವವರು 'ರೆಮಿನಿಸೆಂಜಾ'ದಿಂದ ಹೊರಡುವುದು ಒಳ್ಳೆಯದು. ಕ್ರಾಂತಿಯ ನಂತರದ ಕೊರತೆಯ ವರ್ಷಗಳಲ್ಲಿ, ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟು ಮರೆತಿದ್ದ ಧಾಟಿಗಳನ್ನು ಹೆಕ್ಕಿ ತೆಗೆದು ಮೆಟ್ನರ್ ಕಟ್ಟಿದ 'ಮರೆತ ಧಾಟಿಗಳು' ಎಂಬ ಗುಚ್ಛದ ಮೊದಲ ಕೃತಿ ಅದು. ಹದಿನೈದು ನಿಮಿಷಕ್ಕಿಂತ ಹೆಚ್ಚಿಲ್ಲ. ಆರಂಭದಲ್ಲಿ ಎರಡೂ ಕೈಗಳಲ್ಲಿ ಸಣ್ಣಗೆ ತೂಗುವ ಒಂದು ಧಾಟಿ ಬರುತ್ತದೆ, ಅದನ್ನು ಗುರುತಿಟ್ಟುಕೊಂಡಿದ್ದರೆ ಸಾಕು. ನಡುವೆ ಅದು ಒಮ್ಮೆ ಮರಳುತ್ತದೆ, ಕೊನೆಯಲ್ಲಿ ಇನ್ನೊಮ್ಮೆ, ಏನೂ ಬದಲಾಗದೆ. ಆಮೇಲೆ ಎರಡು ಮೂರು ಸ್ಕಾಜ್ಕಾಗಳು, ಅದರಲ್ಲಿಯೂ ಎಫ್ ಮೈನರಿನ ಪುಟ್ಟದೊಂದು, ಇಪ್ಪತ್ತಾರನೆಯ ಗುಚ್ಛದ ಮೂರನೆಯದು. ಮಹಾರಾಜರ ಕನ್ಚರ್ಟೋವನ್ನು ಮೆಟ್ನರ್ ಅವರೇ ನುಡಿಸಿರುವ ಹಳೆಯ ಮುದ್ರಣದಲ್ಲಿ, ತಟ್ಟೆಯ ಗರಗರದ ನಡುವೆ ಕೇಳುವುದಾದರೆ ನಲವತ್ತು ನಿಮಿಷ ಬಿಡುವು ಮಾಡಿಕೊಳ್ಳಬೇಕು. ರಾತ್ರಿಗಾಳಿಯನ್ನು ಕೊನೆಗಿಟ್ಟುಕೊಂಡು, ಮೊದಲ ದಿನ ಹತ್ತು ನಿಮಿಷ ಮಾತ್ರ, ಕೈಯಲ್ಲಿ ಐದರ ತಾಳ ಹಾಕುತ್ತಾ ಕೇಳಿ ನಿಲ್ಲಿಸಿದರೂ ನಡೆಯುತ್ತದೆ. ಮಾರನೆಯ ದಿನ ಮುಳ್ಳನ್ನು ಮತ್ತೆ ಅಂಚಿನಿಂದಲೇ ಇಡಬಹುದು.